ಏಳು ಅತ್ತೆಯರ ಅಳಿಯ

ಮೊನ್ನೆ ಬೆಂಗಳೂರಿನ ನೆಂಟರನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆ. ರಾವಣಫಡಿಯೊಳಗೆ ಕುಣಿಯುವ ಶಿವ, ಅವನ ಜೊತೆಗೆ ಉದ್ದುದ್ದ ಕಿರೀಟದ ಸಪ್ತಮಾತೃಕೆಯರು. ನೋಡುತ್ತ ನಿಂತವನಿಗೆ ನಗು ಬಂದುಬಿಟ್ಟಿತು. ನೆಂಟರು ಗಾಬರಿಯಾದರು. ವಿದ್ಯಾಗಿರಿಯ ನಮ್ಮ ಓಣಿಯಲ್ಲೂ ಏಳು ಮನೆ, ಏಳು ತಾಯಂದಿರು, ಅವರೆಲ್ಲ ಕೂಡಿ ಕೆಡಿಸಿಟ್ಟ ಒಂದು ನವಿಲು ಇದೆ ಅಂತ ದೇವರೆದುರು ಹೇಗೆ ಬಿಡಿಸಿ ಹೇಳಲಿ?

ಸಾಕಿದ ನವಿಲು ಅನ್ನುವ ಹಾಗಿಲ್ಲ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲೇ ಅದರ ಹೆಸರಿದೆ. ಅದನ್ನು ಒಳಗೆ ಹಾಕಿದರೆ ನಾವೂ ಒಳಗೆ ಹೋಗುತ್ತೇವೆ. ಇದು ತಾನಾಗಿ ಗುಡ್ಡ ಇಳಿದು ಬಂದು, ಉಂಡು, ಹೇಳದೆ ಕೇಳದೆ ಹೋಗಿ, ಮತ್ತೆ ಊಟದ ಹೊತ್ತಿಗೆ ಸರಿಯಾಗಿ ಬರುವ ನವಿಲು. ಅದಕ್ಕೇ ಮೂರನೇ ಮನೆಯ ನಿವೃತ್ತ ಅಕ್ಕೋರು ಅವನಿಗೆ 'ಅಳಿಯ' ಅಂತ ಹೆಸರಿಟ್ಟರು.

ನಸುಕಿನ ನಾಲ್ಕೂವರೆಗೆ ನೀರಿನ ಟಾಕಿಯ ಮೇಲಿಂದ ಕೂಗು. ಏಳಕ್ಕೆ ಮೊದಲ ಮನೆಯ ಕಟ್ಟೆ. ಆರಂಭದಲ್ಲಿ ಪಾಪ, ಜೋಳ ಹಾಕಿದರೆ ಜೋಳ, ಸಜ್ಜಿ ಹಾಕಿದರೆ ಸಜ್ಜಿ. ಒಂದು ದಿನ ಯಾರೋ ಹುರಿದ ಶೇಂಗಾದ ರುಚಿ ಹತ್ತಿಸಿದರು. ಅಂದಿನಿಂದ ಜೋಳ ಕಂಡರೆ ಅದರ ಮೇಲೆ ಕಾಲಿಟ್ಟುಕೊಂಡೇ ಮುಂದಿನ ಮನೆಗೆ ಹೋಗುತ್ತಾನೆ. ಇಲ್ಲಿಯ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದೂ 1963ರಲ್ಲಿ, ನವಿಲು ರಾಷ್ಟ್ರಪಕ್ಷಿಯಾದದ್ದೂ ಅದೇ ವರ್ಷ. ಅವನ ನಡಿಗೆಯಲ್ಲಿ ಕಾಲೇಜು ಹುಡುಗರ ಗತ್ತು ಎಲ್ಲಿಂದ ಬಂತು ಅನ್ನುವುದಕ್ಕೆ ನನಗೆ ಇಷ್ಟು ಪುರಾವೆ ಸಾಕು.

ಹೊಳೆಯುವ ನನ್ನ ಕಾರಿನ ಬಾಗಿಲಲ್ಲಿ ಒಮ್ಮೆ ಅವನಿಗೆ ದಾಯಾದಿಯೊಬ್ಬ ಕಂಡ. ಕುಕ್ಕಿ ಕುಕ್ಕಿ ಬಣ್ಣ ಎಬ್ಬಿಸಿದ. ದೂರು ಒಯ್ದರೆ ಅಕ್ಕೋರು, "ಕಾರು ತೊಳೀದ ಬಿಟ್ಟಿದ್ರ ಅವಂಗ್ಯಾಕ ಸಿಟ್ಟು ಬರ್ತಿತ್ರೀ? ತಪ್ಪು ನಿಮ್ದ" ಎಂದರು.

ಚಾಲುಕ್ಯರ ಕಥೆಯೂ ಇದೇ ಅಲ್ಲವೇ? ತಮ್ಮನ್ನು ಬೆಳೆಸಿದವರು ಸಪ್ತಮಾತೃಕೆಯರು, ಕಾಪಾಡಿದವನು ಕಾರ್ತಿಕೇಯ ಎಂದು ಬಾದಾಮಿಯ ಅರಸರು ಶಾಸನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡರು. ಒಬ್ಬ ತಾಯಿ ಮುದ್ದು ಮಾಡಿದರೇ ಮಗ ಮಾತು ಕೇಳುವುದಿಲ್ಲ. ಏಳು ಮಂದಿ ಮಾಡಿದರೆ ನರ್ಮದೆಯ ತನಕ ಹೋಗಿ ಹರ್ಷನನ್ನು ತಡೆಯದೆ ಇನ್ನೇನು ಮಾಡಿಯಾನು! ಬಾದಾಮಿಯ ಮೊದಲ ಗುಹೆಯಲ್ಲಿ ಕಾರ್ತಿಕೇಯ ನವಿಲೇರಿ ಕೂತಿದ್ದಾನೆ. ಮಾತೃಕೆಯರಲ್ಲಿ ಕೌಮಾರಿಯ ವಾಹನ ನವಿಲು, ವಾರಾಹಿಯದು ಹಂದಿಯ ಮುಖ. ಎರಡೂ ಮನೆಯೊಳಗಿನ ಪ್ರಾಣಿಗಳೇ. ಆದರೆ ತಾಮ್ರಪಟಗಳ ಮುದ್ರೆಗೆ ಹತ್ತಿದ್ದು ವರಾಹ! ನಾರಾಯಣ ಕೊಟ್ಟ ಲಾಂಛನ ಅಂತ ಅವರ ಸಮಜಾಯಿಷಿ ಇದೆ. ನಾನು ಒಪ್ಪುವುದಿಲ್ಲ. ಮೊದಲು ನವಿಲನ್ನೇ ಕರೆದಿರಬೇಕು. ಅಕ್ಕಸಾಲಿಗ ಅಚ್ಚು ತೆಗೆಯುವ ತನಕ ಅದನ್ನು ಒಂದು ಕಡೆ ನಿಲ್ಲಿಸಲು ಶೇಂಗಾ ಬೇಕಿತ್ತು. ಶೇಂಗಾ ದಕ್ಷಿಣ ಅಮೆರಿಕದಿಂದ ಈ ಕಡೆ ಬಂದದ್ದು ಅದಾಗಿ ಸುಮಾರು ಸಾವಿರ ವರ್ಷಕ್ಕೆ. ಪುಲಿಕೇಶಿಯಾದರೂ ಏನು ಮಾಡಬೇಕು? ಹಂದಿಯನ್ನು ನಿಲ್ಲಿಸಿ ಕೆಲಸ ಮುಗಿಸಿದರು.

ಮಳೆಗಾಲ ಮುಗಿಯುತ್ತ ಬಂದಾಗ ಅಳಿಯನ ಗರಿಗಳು ಒಂದೊಂದಾಗಿ ಉದುರುತ್ತವೆ. ಆಗ ಅಂಗಳದ ನಡುವೆ ಬರುವುದಿಲ್ಲ. ಕಂಪೌಂಡಿನ ಮಗ್ಗುಲಲ್ಲೇ ಸರಿದು, ಬೋಳು ಹಿಂಭಾಗವನ್ನು ಗೋಡೆಗೆ ಮಾಡಿ ಉಣ್ಣುತ್ತಾನೆ. ಆ ದಿನಗಳಲ್ಲಿ ಅತ್ತೆಯರು ದನಿ ಇಳಿಸಿ ಮಾತಾಡುತ್ತಾರೆ, ಒಂದು ಹಿಡಿ ಹೆಚ್ಚಿಗೇ ಹಾಕುತ್ತಾರೆ. ಉದುರಿದ ಗರಿಗಳನ್ನು ನನ್ನ ಮಗಳು ಪುಸ್ತಕದಲ್ಲಿಟ್ಟಿದ್ದಾಳೆ, ಮರಿ ಹಾಕಲೆಂದು. ಅವಳೀಗ ಎಂ.ಎಸ್ಸಿ. ಓದುತ್ತಿದ್ದಾಳೆ.

ಐಹೊಳೆಯಿಂದ ಬರುತ್ತ ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ನೆಂಟರಿಗೆ ಎರಡು ಕಿಲೋ ಕರದಂಟು ಕಟ್ಟಿಸಿದೆ. ಅಕ್ಕೋರಿಗೂ ಒಂದು ಪೊಟ್ಟಣ. ಮರುದಿನ ಮುಂಜಾನೆ ಅವರ ಕಟ್ಟೆಯ ಮೇಲೆ ಅಳಿಯ ಕತ್ತು ಕೊಂಕಿಸಿ ಏನನ್ನೋ ಆರಿಸುತ್ತಿದ್ದ. ಹತ್ತಿರ ಹೋಗಿ ನೋಡಿದೆ: ಕರದಂಟಿನೊಳಗಿನ ಗೋಡಂಬಿ.

"ಅಕ್ಕೋರ, ಇದೇನ್ರೀ?"

"ಒಂದ ತುಣುಕು. ಹಬ್ಬದಾಗ ಅಳಿಯಾಗ ಸಿಹಿ ಕೊಡೂದಿಲ್ಲೇನ್ರೀ?"

ಹಬ್ಬ ಯಾವುದು ಅಂತ ನಾನು ಕೇಳಲಿಲ್ಲ. ನಿನ್ನೆ ನಮ್ಮ ಮನೆಗೂ ಬಂದಿದ್ದ. ಹೆಂಡತಿ ಶೇಂಗಾ ಹಾಕಿದಳು. ಅಳಿಯ ಅದನ್ನೊಮ್ಮೆ ನೋಡಿದ, ಅವಳ ಖಾಲಿ ಕೈ ನೋಡಿದ, ಶೇಂಗಾದ ಮೇಲೆ ಕಾಲಿಟ್ಟುಕೊಂಡು ಮೂರನೇ ಮನೆಗೆ ಹೋದ.