ಒಂದು ಹೆಸರು, ಎಂಟು ಕೈ

ಮಂಜೇಶ್ವರದ ಕಡೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ನೀರಿನಲ್ಲಿ ನೆನೆದ ಬೀಡಿ ಎಲೆಯ ವಾಸನೆಯನ್ನು ವಿವರಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಆದರೆ ಮೂರು ಭಾಷೆಯವರ ಜಗಲಿಯಲ್ಲೂ ವಾಸನೆ ಅದೊಂದೇ.

ಅಕ್ಕ ತಗಡಿನ ಅಳತೆಯಿಟ್ಟು ಕತ್ತರಿಯಿಂದ ಎಲೆ ಕತ್ತರಿಸುತ್ತಿದ್ದಳು. ಅಮ್ಮ ಗೆರಸೆಯನ್ನು ತೊಡೆಯ ಮೇಲಿರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತಿ ನೂಲು ಕಟ್ಟುತ್ತಿದ್ದರು. ಕಣ್ಣು ಮಂಜಾದ ಅಜ್ಜಿ ಬೆರಳಿನ ಅಂದಾಜಿನಲ್ಲೇ ತುದಿ ಮಡಚುತ್ತಿದ್ದರು. ಶಾಲೆಯಿಂದ ಬಂದ ನಾನು ಇಪ್ಪತ್ತೈದರಂತೆ ಎಣಿಸಿ ಕಟ್ಟು ಮಾಡುತ್ತಿದ್ದೆ. ಬ್ರಾಂಚಿನ ಕಾರ್ಡಿನಲ್ಲಿ ಮಾತ್ರ ಅಮ್ಮನ ಹೆಸರೊಂದೇ. ಒಂದು ಹೆಸರು, ಎಂಟು ಕೈ.

ಅಪ್ಪ ಅಡಿಕೆ ತೋಟದ ಕೂಲಿಗೆ ಹೋಗುತ್ತಿದ್ದರು. ಆಟಿಯ ಮಳೆಯಲ್ಲಿ ಆ ಕೆಲಸ ಇರುತ್ತಿರಲಿಲ್ಲ. ಆಗ ಒಲೆ ಉರಿಯುತ್ತಿದ್ದುದು ಬೀಡಿಯಿಂದ. ಕಾರ್ಡು ಇರುವ ಮನೆಯೆಂದರೆ ಅಂಗಡಿಯವರು ಎರಡು ಮಾತಿಲ್ಲದೆ ಕಡ ಕೊಡುತ್ತಿದ್ದರು. 1976ರ ಕಾನೂನಿನಂತೆ ಬೀಡಿಯ ಮೇಲಿನ ಸೆಸ್ಸಿನಿಂದ ನಡೆಯುತ್ತಿದ್ದ ಕ್ಷೇಮನಿಧಿಯಿಂದ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತಿತ್ತು. ನನ್ನ ಹೈಸ್ಕೂಲಿನ ಪುಸ್ತಕಗಳು ಬಂದದ್ದು ಅದರಿಂದ. ಶನಿವಾರದ ಕೂಲಿಯನ್ನು ಅಮ್ಮ ಅಪ್ಪನ ಕೈಗೆ ಕೊಟ್ಟದ್ದನ್ನು ನಾನು ನೋಡಿಲ್ಲ. ಅದು ಅಕ್ಕಿಯ ಡಬ್ಬದಡಿಗೆ ಹೋಗುತ್ತಿತ್ತು; ಬೇಕಾದಾಗ ಅಪ್ಪನೇ ಕೇಳಿ ತೆಗೆದುಕೊಳ್ಳುತ್ತಿದ್ದರು.

ಈ ಕಸುಬು ಒಂದೇ ದಿನದಲ್ಲಿ ಮುರಿದು ಬೀಳಲಿಲ್ಲ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮ ಬಿಗಿಯಾಯಿತು. 2016ರಲ್ಲಿ ಕಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರ ದೊಡ್ಡದಾಯಿತು. ಅದೇ ವರ್ಷದ ನವೆಂಬರಿನಲ್ಲಿ ನೋಟು ರದ್ದಾದಾಗ ನಮ್ಮ ಬ್ರಾಂಚಿನಲ್ಲಿ ಕೆಲವು ವಾರದ ಕೂಲಿ ತಡವಾಯಿತು. 2017ರ ಜುಲೈಯಲ್ಲಿ ಬೀಡಿಗೆ ಶೇಕಡಾ 28 ಜಿ.ಎಸ್.ಟಿ. ಬಂತು, ಕ್ಷೇಮನಿಧಿಯ ಸೆಸ್ಸು ಹೋಯಿತು. ಜನ ಬೀಡಿ ಬಿಡುವುದು ಒಳ್ಳೆಯದೇ. ಹುಡಿಯ ನಡುವೆ ಕುಳಿತು ಕೆಮ್ಮುವ ಅಮ್ಮನನ್ನು ಕಂಡ ನಾನು ಅದಕ್ಕೆ ಎದುರಾಡಲಾರೆ.

ಆದರೆ ಅಮ್ಮನಿಗೆ ಕೆಲಸವಿಲ್ಲವೆಂದು ಯಾರೂ ಹೇಳಲಿಲ್ಲ. ಎಲೆ ಕಡಿಮೆಯಾಯಿತು, ಅಷ್ಟೆ. ವಾರಕ್ಕೆ ಆರು ದಿನದ ಎಲೆ ನಾಲ್ಕಕ್ಕಿಳಿಯಿತು, ಮತ್ತೆ ಎರಡಕ್ಕೆ. ಸಾವಿರಕ್ಕೆ ಇಂತಿಷ್ಟೆಂಬ ದರ ಕಾಗದದಲ್ಲಿ ಏರುತ್ತಲೇ ಇತ್ತು. ಇಳಿದದ್ದು ಸಾವಿರಗಳ ಲೆಕ್ಕ. ಆದ್ದರಿಂದ ‘ಕೂಲಿ ಹೆಚ್ಚಾಗಿದೆಯಲ್ಲ’ ಎಂದು ಯಾರಾದರೂ ಕೇಳಿದರೆ ಅಮ್ಮ ಹೌದು ಎನ್ನುತ್ತಿದ್ದರು. ಡಬ್ಬದಡಿಯ ಹಣ ಮಾತ್ರ ತೆಳುವಾಗುತ್ತಿತ್ತು.

ಎಂಟು ಕೈಗಳೂ ಚದುರಿದವು. ಅಕ್ಕ ಉಪ್ಪಳದ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಲ್ಲುವ ಕೆಲಸಕ್ಕೆ ಸೇರಿದಳು. ನಾನು ಮಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಅಜ್ಜಿಗೆ ಹೋಗಲು ಎಲ್ಲಿಯೂ ಇರಲಿಲ್ಲ. ಎಲೆ ಬಾರದ ದಿನ ಅವರು ಸೆರಗಿನ ಅಂಚನ್ನು ಮಡಚಿ ಬಿಡಿಸಿ, ಬಿಡಿಸಿ ಮಡಚಿ ಕೂರುತ್ತಿದ್ದರು. ಅವರ ಕೂಲಿ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಹಾಗಾಗಿ ಅವರು ಕೆಲಸ ಕಳಕೊಂಡದ್ದೂ ಎಲ್ಲಿಯೂ ಬರೆದಿಲ್ಲ.

ಅಮ್ಮ ಉದ್ಯೋಗಖಾತರಿಯ ಕೆಲಸಕ್ಕೆ ಹೆಸರು ಕೊಟ್ಟರು. ನಮ್ಮಲ್ಲಿ ಕನ್ನಡದವರೂ ಅದನ್ನು ‘ತೊಳಿಲುರಪ್ಪು’ ಎಂದೇ ಕರೆಯುತ್ತಿದ್ದರು. ತೋಡಿನ ಬದಿ ಕಟ್ಟುವುದು, ಹುಲ್ಲು ಕೆತ್ತುವುದು. ವರ್ಷಕ್ಕೆ ನೂರು ದಿನದ ಮಾತು. ಅಮ್ಮನಿಗೆ ಅಷ್ಟೂ ದಿನ ಸಿಕ್ಕಿದ್ದಿಲ್ಲ. ಬಂದ ಕಾಗದಗಳೆಲ್ಲ ಮಲಯಾಳದಲ್ಲಿ. ಮಂಗಳೂರಿನಿಂದ ಬರುತ್ತಿದ್ದ ಬೀಡಿಯ ಕಾಗದ ಕನ್ನಡದ್ದು; ಅದನ್ನು ನೆರೆಮನೆಯ ಏಚ್ಚಿಗೆ ಅಮ್ಮ ಓದಿ ಹೇಳುತ್ತಿದ್ದರು. ಈಗ ಏಚ್ಚಿ ಓದಿ, ಅಮ್ಮ ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸತೊಡಗಿದರು. ಇಬ್ಬರಿಗೂ ನಗು. ಆದರೆ ಓದಿ ಹೇಳುತ್ತಿದ್ದವರು ಓದಿಸಿಕೊಳ್ಳುವವರಾದದ್ದು ಅಮ್ಮನಿಗೆ ಸಣ್ಣ ಮಾತಾಗಿರಲಿಲ್ಲ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ಎಲೆಯೂ ಆಚೆ, ನನ್ನ ಕಚೇರಿಯೂ ಆಚೆ. ಈ ಮನೆಯ ಅನ್ನ ಎಷ್ಟು ಸಪೂರ ದಾರಿಯಲ್ಲಿ ಬರುತ್ತಿತ್ತೆಂದು ನನಗೆ ಅಂದು ತಿಳಿಯಿತು. ಆ ತಿಂಗಳುಗಳಲ್ಲೇ ಅಜ್ಜಿಯೂ ತೀರಿಕೊಂಡರು.

ಗಡಿ ತೆರೆದ ಮೇಲೆ ನಾನು ಹೇಳಿದೆ, “ಇನ್ನು ಸಾಕು ಅಮ್ಮ. ಕಾರ್ಡು ಕೊಟ್ಟು ಪಿ.ಎಫ್. ತೆಗೆದುಬಿಡು. ಎರಡು ದಿನದ ಎಲೆಗಾಗಿ ಯಾಕೆ ಈ ಕೆಮ್ಮು? ತಿಂಗಳಿಗೆ ಅದಕ್ಕಿಂತ ಹೆಚ್ಚು ನಾನು ಕೊಡುತ್ತೇನೆ.”

ಅಮ್ಮ ಕೈ ನಿಲ್ಲಿಸದೆ ಹೇಳಿದರು, “ನೀನು ಕೊಡುತ್ತೀ. ಕೊಡುವುದಿಲ್ಲವೆಂದು ನಾನು ಹೇಳಲಿಲ್ಲ. ಆದರೆ ಅದು ನೀನು ಕೊಟ್ಟದ್ದು. ಇದು ನಾನು ತಂದದ್ದು.”

ನಾನು ರೂಪಾಯಿಯ ಲೆಕ್ಕ ಹಾಕಿದ್ದೆ. ಆದಾಯ ಕುಗ್ಗಿದಾಗ ಎಷ್ಟು ಕಡಿಮೆಯಾಯಿತೆಂದು ನಾವು ಕೇಳುತ್ತೇವೆ. ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಕೇಳುವುದಿಲ್ಲ. ನನ್ನ ಸಂಬಳ ಸೇರಿದರೆ ನಮ್ಮ ಮನೆ ಹಿಂದಿಗಿಂತ ಬಡವಾಗಿಲ್ಲ. ಬಡವರಾದದ್ದು ಅಮ್ಮ.

ಆಮೇಲೆ ನಾನು ಆ ಮಾತೆತ್ತಲಿಲ್ಲ. ರಜೆಯ ದಿನ ಎಲೆ ಬಂದಿದ್ದರೆ ಅಕ್ಕನ ಕತ್ತರಿ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ವಾರೆಯಾಗಿ ಕತ್ತರಿಸಿದ್ದನ್ನು ಅಮ್ಮ ಏನೂ ಹೇಳದೆ ಬದಿಗೆ ಸರಿಸುತ್ತಾರೆ.