ಹಾಲುಬಾಯಿಯ ಹದ

ಹಳೆಯ ರೇಡಿಯೊ ಬಿಚ್ಚಿಕೊಂಡು ಕೂರುವವರಿದ್ದಾರೆ, ಅಂಚೆಚೀಟಿ ಕೂಡಿಡುವವರಿದ್ದಾರೆ. ನನ್ನ ಚಟ ಇವೆರಡಕ್ಕಿಂತಲೂ ನಿರುಪಯೋಗಿ. ಯಾರೋ ಬೇಡವೆಂದು ಮೂಲೆಗೆ ತಳ್ಳಿದ ಕಂಪ್ಯೂಟರ್ ಕೈಗೆ ಸಿಕ್ಕರೆ ಅದರ ಪರದೆಯ ಮೇಲೆ ವಿಂಡೋಗಳು ಅಲ್ಲಾಡುವಂತೆ ಮಾಡದ ಹೊರತು ನನಗೆ ಸಮಾಧಾನವಿಲ್ಲ. ಅದರಲ್ಲಿ ಪತ್ರ ಟೈಪ್ ಮಾಡಬಹುದೇ, ಲೆಕ್ಕ ಬರೆಯಬಹುದೇ ಎಂಬುದೆಲ್ಲ ಆಮೇಲಿನ ಮಾತು. ನಾನು ಮೊದಲು ಕೇಳುವುದು, ಗ್ರಾಫಿಕ್ಸ್ ಯಾವುದು ಅಂತ. 'ಅಲ್ಲಾಡದಿದ್ರೆ ಮೇಲ್ ಹೋಗಲ್ವಾ?' ಎಂದು ಮನೆಯಾಕೆ ಕೇಳುತ್ತಾಳೆ. ಹೋಗುತ್ತದೆ, ಖಂಡಿತ ಹೋಗುತ್ತದೆ.

ವಿಂಡೋದ ಮೇಲಂಚಿನ ಪಟ್ಟಿಯನ್ನು ಮೌಸ್‌ನಲ್ಲಿ ಹಿಡಿದು ಸರ್ರನೆ ಎಳೆಯಿರಿ. ಹಿಡಿದ ಜಾಗ ಮಾತ್ರ ಕೈಯ ಜೊತೆ ಬರುತ್ತದೆ, ಉಳಿದ ಭಾಗ ಒಂದಿಷ್ಟು ಅನುಮಾನಿಸಿ ಹಿಂದಿನಿಂದ ಬರುತ್ತದೆ. ಬಿಟ್ಟ ಕೂಡಲೇ ತಟ್ಟೆಗಿಟ್ಟ ಹಾಲುಬಾಯಿ ತುಂಡಿನ ಹಾಗೆ ಮೆತ್ತಗೆ ಕುಲುಕಿ ನಿಲ್ಲುತ್ತದೆ. ಲಿನಕ್ಸ್‌ನ ಕಾಂಪಿಜ್ ಎಂಬ ತಂತ್ರಾಂಶದಲ್ಲಿ ಇದರ ಒಳಗುಟ್ಟು ಬಹಳ ಸರಳ. ವಿಂಡೋ ದೊಡ್ಡದಿರಲಿ ಚಿಕ್ಕದಿರಲಿ, ಅದರ ಮೇಲೆ ಅಡ್ಡ ನಾಲ್ಕು, ಉದ್ದ ನಾಲ್ಕು, ಒಟ್ಟು ಹದಿನಾರು ಬಿಂದುಗಳು. ಅಕ್ಕಪಕ್ಕದ ಬಿಂದುಗಳ ನಡುವೆ ಕಾಣದ ಸ್ಪ್ರಿಂಗುಗಳು. ಸ್ಪ್ರಿಂಗ್ ಎಷ್ಟು ಬಿಗಿ, ಘರ್ಷಣೆ ಎಷ್ಟು ಎಂದು ಹೇಳುವ ಎರಡು ಅಂಕಿಗಳನ್ನು ನಾವೇ ತಿದ್ದಬಹುದು. ಘರ್ಷಣೆ ಇಳಿಸಿದರೆ ವಿಂಡೋ ಎಷ್ಟು ಹೊತ್ತಾದರೂ ತೂರಾಡುತ್ತಲೇ ಇರುತ್ತದೆ, ಏರಿಸಿದರೆ ಸರ್ಕಾರಿ ಗಾಂಭೀರ್ಯ ಬರುತ್ತದೆ. ಇವೆರಡರ ನಡುವಿನ ಹದ ಹುಡುಕುತ್ತ ನಾನು ಎಷ್ಟೋ ಭಾನುವಾರಗಳನ್ನು ಸಂತೋಷವಾಗಿ ಹಾಳುಮಾಡಿದ್ದೇನೆ.

ರೆಡ್ ಹ್ಯಾಟ್ ಕಂಪನಿಯ ಕೆಲವರು ಲುಮಿನೋಸಿಟಿ ಎಂಬ ಪ್ರಯೋಗದಲ್ಲಿ ವಿಂಡೋಗಳನ್ನು ಮೊದಲೇ ಅಲ್ಲಾಡಿಸಿ ನೋಡಿದ್ದರು. 2006ರ ಆರಂಭದಲ್ಲಿ ನೋವೆಲ್ ಕಂಪನಿಯ ಡೇವಿಡ್ ರೆವೆಮನ್ ಕಾಂಪಿಜ್ ಅನ್ನು ಹೊರಗೆ ಬಿಟ್ಟರು. ಅದೇ ವರ್ಷ ಜಗಳವಾಗಿ ಬೆರಿಲ್ ಎಂಬ ಕವಲು ಒಡೆಯಿತು, ಮರುವರ್ಷ ರಾಜಿಯಾಗಿ ಕಾಂಪಿಜ್ ಫ್ಯೂಷನ್ ಆಯಿತು. 2007ರ ಅಕ್ಟೋಬರಿನ ಉಬುಂಟು ಲಿನಕ್ಸ್ 7.10ರಲ್ಲಿ, ಯಂತ್ರಕ್ಕೆ ತಾಕತ್ತಿದ್ದರೆ ಅದು ತಾನಾಗಿಯೇ ಚಾಲೂ ಆಗುತ್ತಿತ್ತು. ಈ 'ತಾಕತ್ತಿದ್ದರೆ' ಎಂಬಲ್ಲೇ ನನ್ನ ಹುಚ್ಚು ಶುರುವಾದದ್ದು.

ತಾಕತ್ತು ಯಾತಕ್ಕೆ ಬೇಕು? ಹಿಂದೆ ಎಲ್ಲ ವಿಂಡೋಗಳೂ ಒಂದೇ ಪರದೆಯ ಮೆಮೊರಿಯಲ್ಲಿ ನೇರವಾಗಿ ಬರೆದುಕೊಳ್ಳುತ್ತಿದ್ದವು. ಒಂದರ ಮೇಲೆ ಇನ್ನೊಂದು ಬಂದರೆ ಕೆಳಗಿನದರ ಮುಚ್ಚಿದ ಭಾಗ ಅಳಿದುಹೋಯಿತು ಎಂದೇ ಅರ್ಥ. ಮೇಲಿನದು ಸರಿದಾಗ ಕೆಳಗಿನ ಪ್ರೋಗ್ರಾಮನ್ನು ಎಬ್ಬಿಸಿ 'ಮತ್ತೆ ಬರಿ' ಎನ್ನಬೇಕಿತ್ತು. ಆ ಪ್ರೋಗ್ರಾಮ್ ಬೇರೇನೋ ಕೆಲಸದಲ್ಲಿ ಮುಳುಗಿದ್ದರೆ ಅಲ್ಲಿ ಬೂದು ಬಣ್ಣದ ಕಲೆ ಉಳಿಯುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಹೊಸ ಪದ್ಧತಿಯಲ್ಲಿ ಪ್ರತಿ ವಿಂಡೋಗೂ ಅದರದೇ ಪೂರ್ತಿ ಚಿತ್ರ ಬೇರೆ ಮೆಮೊರಿಯಲ್ಲಿರುತ್ತದೆ. ಆ ಚಿತ್ರಗಳನ್ನೆಲ್ಲ ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ ಅರವತ್ತು ಸಲ ಜೋಡಿಸಿ ಪರದೆಗೆ ಒದಗಿಸುತ್ತದೆ. ಚಿತ್ರ ಕೈಯಲ್ಲಿದ್ದ ಮೇಲೆ ಅದನ್ನು ಬಗ್ಗಿಸಬಹುದು, ಕುಗ್ಗಿಸಬಹುದು, ಘನದ ಮುಖಕ್ಕೆ ಮೆತ್ತಿ ತಿರುಗಿಸಬಹುದು.

ಲೆಕ್ಕ ಹಾಕುವ ಸುಖ ಇಲ್ಲಿದೆ. 1024×768 ಪರದೆಯನ್ನು ತುಂಬುವ ಒಂದು ವಿಂಡೋ, ಚುಕ್ಕೆಗೆ ನಾಲ್ಕು ಬೈಟ್‌ನಂತೆ, ಸರಿಯಾಗಿ 3 ಎಂಬಿ. ಅಂಥವು ಹತ್ತು ತೆರೆದರೆ 30 ಎಂಬಿ. 2002ರಲ್ಲಿ ಆ್ಯಪಲ್ ತನ್ನ ಮ್ಯಾಕ್ ಒಎಸ್‌ನ ಜಾಗ್ವಾರ್ ಆವೃತ್ತಿಯಲ್ಲಿ ಈ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಿದಾಗ ಕೇಳಿದ್ದು ಕನಿಷ್ಠ 16 ಎಂಬಿ. 2007ರ ವಿಂಡೋಸ್ ವಿಸ್ಟಾದಲ್ಲಿ ವಿಂಡೋದ ಅಂಚು ಗಾಜಿನಂತೆ ಕಾಣುವ 'ಏರೋ'ಗೆ ಇಟ್ಟ ಷರತ್ತು ಇನ್ನೂ ಚಂದ. ಪರದೆಯ ಚುಕ್ಕೆಗಳು 13,10,720ಕ್ಕಿಂತ ಕಡಿಮೆಯಿದ್ದರೆ 64 ಎಂಬಿ, ಅಲ್ಲಿಂದ 23,04,000ದವರೆಗೆ 128, ಅದಕ್ಕೂ ಮೇಲೆ 256. ಇದೆಂಥ ವಿಚಿತ್ರ ಅಂಕಿ ಎಂದು ಭಾಗಿಸುತ್ತ ಕೂತರೆ ಮೊದಲನೆಯದು 1280×1024, ಎರಡನೆಯದು 1920×1200. ಆಗ ಮೇಜಿನ ಮೇಲಿರುತ್ತಿದ್ದ ಮಾನಿಟರುಗಳೇ ಆ ಅಂಕಿಗಳೊಳಗೆ ಅಡಗಿ ಕೂತಿವೆ.

ಮೆಮೊರಿಯೊಂದೇ ಇದ್ದರೆ ಸಾಲದು. ಪಿಕ್ಸೆಲ್ ಶೇಡರ್ 2.0 ಬಲ್ಲ ಚಿಪ್ ಬೇಕು, ಹೊಸ ಬಗೆಯ ಡ್ರೈವರ್ ಬೇಕು. ಇಂಟೆಲ್‌ನ 915 ಚಿಪ್‌ಸೆಟ್‌ಗೆ ಆ ಡ್ರೈವರ್ ಬರಲೇ ಇಲ್ಲ. ಆದರೂ ಅಂಥ ಲ್ಯಾಪ್‌ಟಾಪುಗಳ ಮೇಲೆ 'ವಿಸ್ಟಾ ಕೇಪಬಲ್' ಸ್ಟಿಕ್ಕರ್ ಅಂಟಿತ್ತು, ಗಾಜು ಕಾಣದ ಗಿರಾಕಿಗಳು ಅಮೆರಿಕದಲ್ಲಿ ಕೋರ್ಟಿಗೇ ಹೋದರು. ನೆರಳು, ಗಾಜು, ಮಸುಕಿಗಾಗಿ ದಾವೆ ಹೂಡಿದ ಆ ಜನರ ಬಗ್ಗೆ ನನಗೆ ವಿಶೇಷ ಗೌರವ.

ಆಗ ನನ್ನ ಬಳಿ ಇದ್ದದ್ದು ಪೆಂಟಿಯಮ್ 4, ಇಂಟೆಲ್ 865 ಬೋರ್ಡು. ಅದರಲ್ಲೇ ಕೂಡಿದ್ದ ಗ್ರಾಫಿಕ್ಸ್ ಏದುಸಿರು ಬಿಡುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಮೆಟ್ಟಿಲ ಕೆಳಗಿನ ಅಂಗಡಿ, ಕೌಂಟರಿನ ಮೇಲೆ ರಟ್ಟಿನ ಡಬ್ಬದ ತುಂಬ ಹಳೆಯ ಕಾರ್ಡುಗಳು.

'ಗೇಮ್ ಆಡೋಕಾ ಸಾರ್?'

'ಅಲ್ಲಪ್ಪ, ವಿಂಡೋ ಅಲ್ಲಾಡಿಸೋಕೆ.'

ಹುಡುಗ ಒಂದು ಸಲ ನನ್ನ ಮುಖ ನೋಡಿ, ಮಾತಿಲ್ಲದೆ ಡಬ್ಬ ಮುಂದಕ್ಕೆ ತಳ್ಳಿದ. ಸೆಕೆಂಡ್‌ಹ್ಯಾಂಡ್ ಕಾರ್ಡು ಆರಿಸುವುದು ಒಂದು ಕಲೆ. ಮೊದಲು ಕೆಪಾಸಿಟರುಗಳ ನೆತ್ತಿಯ ಮೇಲೆ ಬೆರಳಾಡಿಸಬೇಕು. ಚಪ್ಪಟೆಯಾಗಿದ್ದರೆ ಸರಿ, ಉಬ್ಬಿದ್ದರೆ ಅಥವಾ ಕಂದು ಕಲೆ ಇದ್ದರೆ ಕೆಳಗಿಡಬೇಕು. ಆಮೇಲೆ ಕಾರ್ಡಿನ ಹಲ್ಲುಗಳ ನಡುವಿನ ಕಚ್ಚು ಎಲ್ಲಿದೆ ನೋಡಬೇಕು. ನನ್ನ ಬೋರ್ಡಿನ ಗ್ರಾಫಿಕ್ಸ್ ಸ್ಲಾಟು ಎಜಿಪಿ ಬಗೆಯದು; ತೀರಾ ಹಳೆಯ ಎಜಿಪಿ ಕಾರ್ಡು 3.3 ವೋಲ್ಟಿನದು, ಕಚ್ಚು ಇನ್ನೊಂದು ಬದಿಗಿರುತ್ತದೆ, ನನ್ನ ಬೋರ್ಡಿಗೆ ಕೂರುವುದಿಲ್ಲ. ಕೊನೆಗೆ ಸಿಕ್ಕಿದ್ದು ಜಿಫೋರ್ಸ್ ಎಫ್‌ಎಕ್ಸ್ 5200, 128 ಎಂಬಿ. ಫ್ಯಾನಿಲ್ಲ, ಬರೀ ಅಲ್ಯೂಮಿನಿಯಂ ರೆಕ್ಕೆಗಳು, ಅವುಗಳ ಸಂದಿಯಲ್ಲಿ ಹತ್ತಿಯಂಥ ಧೂಳು. ಗೇಮ್ ಆಡುವವರು ಹುಟ್ಟಿದಂದಿನಿಂದಲೂ ಬೈದ ಕಾರ್ಡು ಅದು, ಚೌಕಾಸಿಗೆ ಹುಡುಗ ತಕರಾರು ಮಾಡಲಿಲ್ಲ. ಮನೆಗೆ ತಂದು ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದು, ಮಗಳ ಕಂಪಾಸು ಬಾಕ್ಸಿನ ರಬ್ಬರಿನಿಂದ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದೆ. ರಬ್ಬರು ಕಪ್ಪಾದಷ್ಟೂ ಹಲ್ಲು ಮಿಂಚುತ್ತದೆ. ಸ್ಲಾಟಿಗೆ ಒತ್ತಿದಾಗ ತುದಿಯ ಕೊಕ್ಕೆ 'ಕಟ್' ಎಂದು ಕೂರುವ ಸದ್ದಿಗಾಗಿ ಇನ್ನೊಂದು ಕಾರ್ಡು ಬೇಕಾದರೂ ಕೊಂಡೇನು.

ಮುಂದಿನದು ಡ್ರೈವರ್. ಎಫ್‌ಎಕ್ಸ್ ಸಾಲಿನ ಕಾರ್ಡುಗಳಿಗೆ ಎನ್‌ವಿಡಿಯಾದ 173ನೇ ಸರಣಿಯದೇ ಆಗಬೇಕು. ಹಾಕಿ, ಟರ್ಮಿನಲ್ ತೆರೆದು ಜಿಎಲ್‌ಎಕ್ಸ್‌ಇನ್ಫೋ ಎಂದು ಟೈಪಿಸಿದರೆ ಪುಟಗಟ್ಟಲೆ ವಿವರ ಸುರಿಯುತ್ತದೆ. ಅದರಲ್ಲಿ ನೋಡಬೇಕಾದ್ದು 'ಡೈರೆಕ್ಟ್ ರೆಂಡರಿಂಗ್' ಎಂಬ ಒಂದೇ ಸಾಲು. ಮುಂದೆ 'ಯೆಸ್' ಎಂದಿರಬೇಕು. 'ನೋ' ಎಂದಿದ್ದರೆ ಸಾಮಾನ್ಯವಾಗಿ ಕಾರ್ಡು ಸುಮ್ಮನೆ ಕೂತಿದೆ, ದುಡಿಯುತ್ತಿರುವುದು ಪ್ರೊಸೆಸರ್ ಎಂದರ್ಥ. ಇಷ್ಟೆಲ್ಲ ಆದರೂ ಉಬುಂಟು ಒಪ್ಪಬೇಕಲ್ಲ! ನಂಬಿಕೆಗೆ ಅರ್ಹವಲ್ಲದ ಚಿಪ್‌ಗಳ ಕಪ್ಪುಪಟ್ಟಿಯೊಂದು ಅದರಲ್ಲಿತ್ತು. ಸೆಟಿಂಗಿನ ಫೈಲಿನಲ್ಲಿ 'ತಪಾಸಣೆ ಬೇಡ' ಎಂಬರ್ಥದ ಒಂದು ಸಾಲು ಬರೆದರೆ ಆ ಕಾವಲುಗಾರ ಪಕ್ಕಕ್ಕೆ ಸರಿಯುತ್ತಿದ್ದ. ಬೇರೆಯವರ ಯಂತ್ರಗಳಲ್ಲಿ ಆ ಸಾಲನ್ನು ಬಹಳ ಸಲ ಬರೆದಿದ್ದೇನೆ. ಕೆಲವು ಸಲ ಪರದೆ ಪೂರ್ತಿ ಬೆಳ್ಳಗಾಗುತ್ತಿತ್ತು, ಕಾವಲುಗಾರನ ಮಾತಿನಲ್ಲೂ ನ್ಯಾಯವಿತ್ತು.

ಬಡ ಕಾರ್ಡುಗಳ ಸಹವಾಸದಿಂದ ನನಗೆ ತಿಳಿದ ಸ್ವಾರಸ್ಯ ಬೇರೆಯೇ ಇದೆ. ಜನ ಬಾಯಿಬಿಟ್ಟು ನೋಡುವ ಅಲುಗಾಟಕ್ಕೆ ಖರ್ಚೇ ಇಲ್ಲ. ಹದಿನಾರು ಬಿಂದುಗಳ ಲೆಕ್ಕ ಪ್ರೊಸೆಸರಿಗೆ ಪುಡಿಗಾಸು, ಬಗ್ಗಿದ ಜಾಲದ ಮೇಲೆ ಚಿತ್ರ ಹೊದಿಸುವುದು ಯಾವ ಹಳೆಯ ಚಿಪ್ಪಿಗೂ ಗೊತ್ತಿರುವ ಕೆಲಸ. ತಿರುಗುವ ಘನವೂ ಅಷ್ಟೇ, ಎಷ್ಟು ಆಡಂಬರವೋ ಅಷ್ಟು ಅಗ್ಗ. ಕಾರ್ಡನ್ನು ನಿಜಕ್ಕೂ ಸುಸ್ತು ಮಾಡುವುದು ಯಾರೂ ಗಮನಿಸದ ಮಸುಕು, ಗಾಜಿನ ಹಿಂದಿನದು ಮಬ್ಬಾಗಿ ಕಾಣುತ್ತದಲ್ಲ, ಅದು. ಒಂದು ಚುಕ್ಕೆ ಮಸುಕಾಗಬೇಕಾದರೆ ಸುತ್ತಲಿನ ಚುಕ್ಕೆಗಳನ್ನೆಲ್ಲ ವಿಚಾರಿಸಬೇಕು. ಎಲ್ಲ ಕಡೆಗೂ ಏಳು ಚುಕ್ಕೆ ದೂರ ಎಂದರೆ 15×15, ಅಂದರೆ 225 ಚುಕ್ಕೆ. ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ ಮಾಡುವ ಜಾಣತನದಿಂದ ಅದು 30ಕ್ಕೆ ಇಳಿಯುತ್ತದೆ. ಆದರೂ ಪ್ರತಿ ಚುಕ್ಕೆಗೆ ಮೂವತ್ತು, ಸೆಕೆಂಡಿಗೆ ಅರವತ್ತು ಸಲ! ಎಫ್‌ಎಕ್ಸ್ 5200 ಇಲ್ಲಿ ಮಂಡಿಯೂರಿತು. ಹೊಸ ಕಾರ್ಡಿದ್ದವನಿಗೆ ಈ ವ್ಯತ್ಯಾಸ ಗೊತ್ತಾಗುವ ಸಂಭವವೇ ಇಲ್ಲ, ಅವನಿಗೆ ಎರಡೂ ಪುಕ್ಕಟೆ.

ವಿಂಡೋ ಮುಚ್ಚಿದಾಗ ಬೆಂಕಿ ಹತ್ತಿ ಉರಿಯುವುದು, ಪರದೆ ಮೇಲೆ ಮಳೆಹನಿ ಬೀಳುವುದು ನನಗೆ ರುಚಿಸುವುದಿಲ್ಲ. ಮದುವೆ ವಿಡಿಯೊ ಮಾಡುವವರಿಗೆ ಅವನ್ನು ಬಿಟ್ಟುಕೊಡಬಹುದು. ನೆರಳು ಮಾತ್ರ ಇರಲೇಬೇಕು. ಯಾವ ವಿಂಡೋ ಮೇಲೆ, ಯಾವುದು ಕೆಳಗೆ ಎಂದು ನೆರಳಿನಷ್ಟು ಸಲೀಸಾಗಿ ಬೇರೇನೂ ಹೇಳುವುದಿಲ್ಲ.

ಈಗ ಅಂಗೈಯಗಲದ ಫೋನೂ ಇದನ್ನೆಲ್ಲ ಲೀಲಾಜಾಲವಾಗಿ ಮಾಡುತ್ತದೆ. 2012ರ ವಿಂಡೋಸ್ 8ರಲ್ಲಿ ಗಾಜು ಮಾಯವಾಯಿತು. ಲಿನಕ್ಸ್‌ಗೆ ಪ್ಲಾಸ್ಮಾ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರು ಕೈಬಿಟ್ಟಿದ್ದ ಘನ 2024ರ ಪ್ಲಾಸ್ಮಾ 6ರಲ್ಲಿ ಮರಳಿ ಬಂತು, ಬಹುಶಃ ನನ್ನಂಥವರ ಕಾಟ ತಾಳಲಾರದೆ. ಸದ್ಯ ನನ್ನ ಮೇಜಿನ ಮೇಲಿರುವುದು ಸ್ನೇಹಿತರೊಬ್ಬರು ಗುಜರಿಗೆ ಹಾಕುವವರಿದ್ದ ಆ್ಯಟಮ್ ನೆಟ್‌ಬುಕ್. ಇಂಟೆಲ್ 945, ಪರದೆ 1024×600, ಪೂರ್ತಿ ಪರದೆಯ ವಿಂಡೋಗೆ ಎರಡೂವರೆ ಎಂಬಿಯೂ ಬೇಡ. ಈ ಚಿಪ್ಪು 2048 ಚುಕ್ಕೆಗಿಂತ ಅಗಲದ ಚಿತ್ರವನ್ನು ಹಿಡಿಯಲಾರದು, ಹಾಗಾಗಿ ಪಕ್ಕದಲ್ಲಿ ದೊಡ್ಡ ಮಾನಿಟರ್ ಜೋಡಿಸುವ ಹಾಗಿಲ್ಲ. 32 ಬಿಟ್ ಯಂತ್ರವಾದ್ದರಿಂದ ಡೆಬಿಯನ್ ಲಿನಕ್ಸ್ 12ರ ಆಚೆಗೆ ಹೊಸದಾಗಿ ಹಾಕುವ ಹಾಗೂ ಇಲ್ಲ. ಮಸುಕು ಆಫ್ ಮಾಡಿದ್ದೇನೆ, ನೆರಳು ಇಟ್ಟಿದ್ದೇನೆ, ಸ್ಪ್ರಿಂಗು ಇನ್ನೂ ಒಂಚೂರು ಬಿಗಿ ಅನ್ನಿಸುತ್ತಿದೆ. 'ಫೈಲ್ ತೆಗೆಯೋಕೇ ಇಷ್ಟು ಹೊತ್ತು ತಗೊಳ್ತಲ್ಲಪ್ಪ ಇದು' ಅಂದಳು ಮಗಳು. ಹೌದು ಕಣೇ, ಆದರೆ ತೆಗೆದಾದ ಮೇಲೆ ಎಳೆದು ನೋಡು ಅಂದೆ.