ಕಾಗೆಬಂಗಾರದ ಕಾಗದ

ಬರುವ ಕಾಗದಕ್ಕಾಗಿ ಕಾಯದ ಮನುಷ್ಯನುಂಟೆ? ಕೆಲಸದ ಆದೇಶಕ್ಕಾಗಿ ತರುಣರು ಕಾಯುತ್ತಾರೆ. ಮಗನ ಕ್ಷೇಮಸಮಾಚಾರಕ್ಕಾಗಿ ತಾಯಿ ಕಾಯುತ್ತಾಳೆ. ಪರೀಕ್ಷೆಯ ಫಲಿತಾಂಶಕ್ಕಾಗಿ ನಾವು ವಿದ್ಯಾರ್ಥಿಗಳು ಕಾಯುತ್ತೇವೆ. ನಮ್ಮಲ್ಲಿ ಕೆಲವರು ಅದು ಬಾರದಿದ್ದರೇ ಲೇಸೆಂದೂ ಹಾರೈಸುತ್ತೇವೆ. ಆದರೆ ನಮ್ಮ ಚಿನ್ನದ ಗಣಿಯ ಊರಿನವರು ಕಾಯುವ ಕಾಗದವೇ ಬೇರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಟೀ ಅಂಗಡಿಯ ಬೆಂಚಿನ ಮೇಲಾಗಲಿ, ಬೆಳಗಿನ ರೈಲಿನಲ್ಲಾಗಲಿ, ಇಬ್ಬರು ಹಳೆಯ ಗಣಿ ಕೆಲಸಗಾರರು ಸೇರಿದರೆಂದರೆ ಮೂರನೆಯ ಮಾತು ಬಾಕಿ ಹಣದ ಮಾತಾಗಿರುತ್ತದೆ. ‘ಈ ಸಲ ಏನೋ ಬರುತ್ತದಂತೆ’ ಎಂಬುದು ಆ ಮಾತಿನ ಪಲ್ಲವಿ.

ನಮ್ಮ ತಾತ, ಎಂದರೆ ನನ್ನ ತಾಯಿಯ ತಂದೆ, ಅಂಥವರಲ್ಲೊಬ್ಬರು. ಚಾಂಪಿಯನ್ ರೀಫ್ ಗಣಿಯ ಒಳಗೆ ಮರದ ದಿಮ್ಮಿಗಳನ್ನು ನಿಲ್ಲಿಸಿ ಬಂಡೆಗೆ ಆಸರೆ ಕೊಡುವುದು ಅವರ ಕೆಲಸವಾಗಿತ್ತು. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಗಣಿ ಅದು. ಈಗ ಅವರು ಊರಿಗಾಂನ ಹಳೆಯ ಲೈನ್ ಮನೆಯಲ್ಲಿದ್ದಾರೆ. ನಾನೂ ಅಮ್ಮನೂ ಬಂಗಾರಪೇಟೆಯಲ್ಲಿ. ಭಾನುವಾರ ಬಂತೆಂದರೆ ನಾನು ಮಾರಿಕುಪ್ಪಂ ರೈಲು ಹತ್ತಿ ತಾತನನ್ನು ನೋಡಲು ಹೋಗುವುದು ವಾಡಿಕೆ. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಪತ್ರಿಕೆ ಓದುವುದು, ಬ್ಯಾಂಕಿನ ಪುಸ್ತಕ ನೋಡುವುದು, ಔಷಧದ ಚೀಟಿ ಓದುವುದು ಎಲ್ಲವೂ ನನ್ನ ಪಾಲಿಗಿತ್ತು. ಅವರ ಖಾತೆಗೆ ನನ್ನ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿದ್ದೆವು. ಮನೆಗೆಲ್ಲ ಸೇರಿ ಇದ್ದ ಒಂದೇ ಈ-ಮೇಲ್ ವಿಳಾಸವೂ ನನ್ನದೇ. ಒಟ್ಟಿನಲ್ಲಿ ನಾನು ಅವರ ಕಣ್ಣಾಗಿದ್ದೆ. ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿಗೆ ಇದು ಸ್ವಲ್ಪ ಜಂಬದ ವಿಷಯವೂ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಹೀಗಿರಲು ಒಂದು ಭಾನುವಾರ ಆ ಕಾಗದ ಬಂತು. ಮೇಲ್ಭಾಗದಲ್ಲಿ ಸಿಂಹಲಾಂಛನ, ಕೆಳಗೆ ದೊಡ್ಡ ಅಧಿಕಾರಿಯ ರುಜು, ನಡುವೆ ಒಪ್ಪವಾದ ಇಂಗ್ಲಿಷ್. ‘ಮುಚ್ಚಿಹೋದ ಸರ್ಕಾರಿ ಉದ್ಯಮಗಳ ನಿವೃತ್ತ ನೌಕರರಿಗೆ ಬಾಕಿ ಹಣ ಮಂಜೂರಾಗಿದೆ. ಇಂದು ಸಂಜೆ ಆರು ಗಂಟೆಯೊಳಗೆ ಕೆಳಗಿನ ಕೊಂಡಿಯನ್ನು ಒತ್ತಿ ವಿವರ ತುಂಬಬೇಕು. ತಪ್ಪಿದಲ್ಲಿ ಹಕ್ಕು ರದ್ದಾಗುವುದು.’ ಸಂಬೋಧನೆ ಮಾತ್ರ ‘ಪ್ರಿಯ ಫಲಾನುಭವಿಯೇ’ ಎಂದಿತ್ತು. ತಾತನ ಹೆಸರನ್ನು ಆ ಕಾಗದ ಎಲ್ಲಿಯೂ ಹೇಳಿರಲಿಲ್ಲ. ಆ ಹೆಸರನ್ನು ತುಂಬಿದವಳು ನಾನು.

ನಾನು ಗಟ್ಟಿಯಾಗಿ ಓದಿ ಹೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರಮ್ಮ ಇವರು? ಇಷ್ಟು ವರ್ಷ ಇಲ್ಲದ ಅವಸರ ಈವತ್ತು ಸಂಜೆಗೇ ಯಾಕೆ ಬಂತು?” ಎಂದರು.

“ನಿಮಗೆ ಇದೆಲ್ಲ ಗೊತ್ತಾಗಲ್ಲ ತಾತ, ಈಗೆಲ್ಲ ಹೀಗೇ” ಎಂದೆ.

ಓದುಗರೇ, ನಾಲ್ಕನೆಯ ತರಗತಿಯವರೆಗೆ ಓದಿದ ವೃದ್ಧರು ಕೇಳಿದ ಆ ಎರಡು ಪ್ರಶ್ನೆಗಳಲ್ಲಿ ಈ ವಿದ್ಯೆಯೆಲ್ಲ ಅಡಗಿತ್ತು. ಕಾಲೇಜು ಮೆಟ್ಟಿಲು ಹತ್ತಿದ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಕೊಂಡಿ ಒತ್ತಿದೆ. ಖಾತೆಯ ಸಂಖ್ಯೆ ಕೇಳಿತು, ಕೊಟ್ಟೆ. ತಾತನ ಕಾರ್ಡಿನ ಸಂಖ್ಯೆ, ಅದರ ಹಿಂಬದಿಯ ಮೂರು ಅಂಕಿ ಕೇಳಿತು, ಕೊಟ್ಟೆ. ಪರಿಶೀಲನೆಗಾಗಿ ಹತ್ತು ರೂಪಾಯಿ ಎಂದಿತು, ಆಗಲಿ ಎಂದೆ. ಮೊಬೈಲಿಗೆ ಓ.ಟಿ.ಪಿ. ಬಂತು. ಆ ಸಂದೇಶದಲ್ಲಿ 9,500 ರೂಪಾಯಿಯ ಪಾವತಿಗಾಗಿ ಎಂದು ಸ್ಪಷ್ಟವಾಗಿ ಬರೆದಿತ್ತು. ಈ ಸಂಖ್ಯೆಯನ್ನು ಯಾರಿಗೂ ತಿಳಿಸಬೇಡಿ ಎಂದೂ ಬರೆದಿತ್ತು. ನಾನು ಆರು ಅಂಕಿಗಳನ್ನು ಓದಿದೆ, ಅಕ್ಷರಗಳನ್ನು ಓದಲಿಲ್ಲ. ಮರುನಿಮಿಷದಲ್ಲಿ 9,500 ರೂಪಾಯಿ ಹೋಯಿತು. ಪರದೆಯ ಮೇಲೆ ‘ತಾಂತ್ರಿಕ ದೋಷ, 24 ಗಂಟೆಯೊಳಗೆ ಹಣ ಹಿಂದಿರುಗುವುದು’ ಎಂದು ಮೂಡಿತು.

ಎದೆ ಧಸಕ್ಕೆಂದಿತು. ಆದರೂ ತಾತನಿಗೆ ಹೇಳಲಿಲ್ಲ. “ಎರಡು ದಿನದಲ್ಲಿ ಬರುತ್ತದಂತೆ” ಎಂದು ಹೇಳಿ ಸಂಜೆಯ ರೈಲು ಹತ್ತಿದೆ. ಅಮ್ಮನಿಗೂ ಹೇಳಲಿಲ್ಲ. ಮಾರನೆಯ ದಿನ ಒಬ್ಬ ಅಧಿಕಾರಿ ಬಹು ವಿನಯದಿಂದ ಫೋನು ಮಾಡಿ, ತಪ್ಪಾಗಿ ಹೋದ ಹಣವನ್ನು ಹಿಂದಿರುಗಿಸುವುದಕ್ಕಾಗಿ ಈಗ ಬರುವ ಸಂಖ್ಯೆಯನ್ನು ತಿಳಿಸಬೇಕೆಂದ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ತಿಳಿಸಿದೆ. ಉಳಿದಿದ್ದ 9,000 ರೂಪಾಯಿಯೂ ಹೋಯಿತು. ಒಟ್ಟು 18,500. ಅದು ತಾತನ ಕಣ್ಣಿನ ಆಪರೇಷನ್ನಿಗೆಂದು ಕೂಡಿಟ್ಟ ಹಣ. ಅವರ ಕಣ್ಣಾಗಿದ್ದವಳು ಅವರ ಕಣ್ಣಿನ ಹಣವನ್ನೇ ಕಳೆದೆ.

ಮಂಗಳವಾರ ರಾತ್ರಿ ಅನ್ನ ಗಂಟಲಿನಲ್ಲಿ ಇಳಿಯದೆ ಅಮ್ಮನ ಮುಂದೆ ಅತ್ತುಬಿಟ್ಟೆ. ಅಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಮನೆಯವರನ್ನು ಕೇಳಿ 1930ಕ್ಕೆ ಫೋನು ಮಾಡಿದೆವು. ಸೈಬರ್ ಅಪರಾಧಗಳನ್ನು ತಿಳಿಸುವುದಕ್ಕಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಕೂಡಲೇ ತಿಳಿಸಿದರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಲು ಅವರು ಪ್ರಯತ್ನಿಸುತ್ತಾರೆ. ನಾವು ತಡಮಾಡಿದ್ದೆವು. ದೂರಿನ ಸಂಖ್ಯೆ ಸಿಕ್ಕಿತು, ಹಣ ಸಿಗಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದಾಗ ರಿಸರ್ವ್ ಬ್ಯಾಂಕಿನ 2017ರ ನಿಯಮವನ್ನು ತಿಳಿಸಿದರು: ಗ್ರಾಹಕನೇ ಗುಟ್ಟಿನ ಸಂಖ್ಯೆಯನ್ನು ಕೊಟ್ಟು ಆದ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದೇ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಎಂದರೆ ಭಾನುವಾರವೇ ಬಾಯಿಬಿಟ್ಟಿದ್ದರೆ ಎರಡನೆಯ 9,000 ರೂಪಾಯಿಯಾದರೂ ಉಳಿಯುತ್ತಿತ್ತು. ಮೊದಲ ಹಣವನ್ನು ಕಳ್ಳ ತೆಗೆದುಕೊಂಡ. ಎರಡನೆಯದನ್ನು ನನ್ನ ನಾಚಿಕೆ ತೆಗೆದುಕೊಂಡಿತು.

ಆಮೇಲೆ ಹಟ ಹಿಡಿದು ಈ ವಿಷಯವನ್ನು ತಿಳಿದುಕೊಂಡೆ. ಇದಕ್ಕೆ ಫಿಶಿಂಗ್ ಎಂದು ಹೆಸರು. ಮೀನು ಹಿಡಿಯುವುದೆಂಬ ಇಂಗ್ಲಿಷ್ ಮಾತಿನ ಅಕ್ಷರವನ್ನೇ ತಿರುಚಿ ಮಾಡಿಕೊಂಡ ಪದ. 1990ರ ದಶಕದ ಮಧ್ಯದಲ್ಲಿ ಅಮೆರಿಕ ಆನ್‌ಲೈನ್ ಎಂಬ ಸಂಸ್ಥೆಯ ಚಂದಾದಾರರಿಗೆ ಅದರ ಸಿಬ್ಬಂದಿಯಂತೆ ನಟಿಸಿ ಬರೆದು, ಗುಪ್ತಪದ ಕದಿಯುತ್ತಿದ್ದವರಿಂದ ಅದು ಬಳಕೆಗೆ ಬಂತು. ಕಳ್ಳನಿಗೆ ನಮ್ಮ ತಾತನ ಸಂಗತಿ ಹೇಗೆ ತಿಳಿಯಿತೆಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ. ಅವನಿಗೆ ತಿಳಿದೇ ಇರಲಿಲ್ಲ. ನಮ್ಮ ಗಣಿಯಲ್ಲಿ ಒಂದು ಟನ್ ಕಲ್ಲು ಪುಡಿಮಾಡಿದರೆ ಕೆಲವು ಗ್ರಾಂ ಚಿನ್ನ ದೊರೆಯುತ್ತಿತ್ತಲ್ಲವೆ? ಅವನೂ ಹಾಗೆಯೇ, ಲಕ್ಷಾಂತರ ಜನಕ್ಕೆ ಒಂದೇ ಕಾಗದ ಕಳುಹಿಸುತ್ತಾನೆ. ನಮ್ಮಂಥ ಕೆಲವರು ಸಿಕ್ಕರೆ ಅವನ ದಿನ ಸಾರ್ಥಕ.

ಹಾಗಾದರೆ ಕಾಗೆಬಂಗಾರವನ್ನು ಒರೆಗೆ ಹಚ್ಚುವುದು ಹೇಗೆ? ಹಿಂದೆ ಇಂಥ ಕಾಗದಗಳ ತಪ್ಪು ಇಂಗ್ಲಿಷೇ ಅವುಗಳ ಗುಟ್ಟನ್ನು ಬಿಟ್ಟುಕೊಡುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಳ್ಳನೂ ತಪ್ಪಿಲ್ಲದ ಇಂಗ್ಲಿಷನ್ನು, ಕನ್ನಡವನ್ನೂ ಬರೆಯಬಲ್ಲ. ವಿಳಾಸದ ಬದಿಯ ಬೀಗದ ಚಿತ್ರವನ್ನೂ ನಂಬುವಂತಿಲ್ಲ. ದಾರಿಯಲ್ಲಿ ಬೇರೆಯವರು ಓದಲಾರರೆಂದಷ್ಟೇ ಅದರ ಅರ್ಥ. ಆಚೆ ಕುಳಿತವನು ಸಾಧುವೆಂದಲ್ಲ.

ನೋಡಬೇಕಾದದ್ದು ವಿಳಾಸವನ್ನು, ಅದೂ ಅದರ ಬಾಲವನ್ನು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಹಳಿ ಮಾರಿಕುಪ್ಪಂ ಕಡೆಗೆ, ಒಂದು ಜೋಲಾರಪೇಟೆಯ ಕಡೆಗೆ, ಒಂದು ಕೋಲಾರದ ಕಡೆಗೆ. ಊರಿಗಾಂಗೆ ಹೋಗುವವರು ಫಲಕದ ಕೊನೆಯ ಹೆಸರನ್ನು ಓದದೆ ಜೋಲಾರಪೇಟೆಯ ರೈಲು ಹತ್ತಿದರೆ ತಮಿಳುನಾಡು ಸೇರುತ್ತಾರೆ. ಜಾಲದ ವಿಳಾಸವೂ ಹಾಗೆಯೇ. ಸರ್ಕಾರಿ ವಿಳಾಸಗಳು ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತವೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆ ವರ್ಷವೇ ಆದೇಶಿಸಿತು. ಮೊದಲನೆಯ ಒಂಟಿ ಓರೆಗೆರೆಯವರೆಗಿನ ವಿಳಾಸದ ಕೊನೆಯನ್ನು ನೋಡಬೇಕು. ನನಗೆ ಬಂದ ಕೊಂಡಿಯಲ್ಲಿ ‘ಗವ್ ಡಾಟ್ ಇನ್’ ಎಂಬುದು ನಡುವೆ ಇತ್ತು. ಕೊನೆಯಲ್ಲಿದ್ದದ್ದು ಯಾವುದೋ ಗುರುತಿಲ್ಲದ ‘ಡಾಟ್ ಕಾಮ್’. ನಾನು ನಡುವಿನ ನಿಲ್ದಾಣವನ್ನು ಓದಿ ರೈಲು ಹತ್ತಿದ್ದೆ.

ಕಳುಹಿಸಿದವರ ವಿಳಾಸವನ್ನೂ ನಕಲು ಮಾಡುವ ಚತುರರಿದ್ದಾರೆ. ಆದ್ದರಿಂದ ಕಾಗದದಲ್ಲಿರುವ ಕೊಂಡಿಯನ್ನು ಒತ್ತದೆ, ಲಗತ್ತಿಸಿದ ಕಡತವನ್ನು ತೆರೆಯದೆ, ನಮಗೆ ಮೊದಲೇ ಗೊತ್ತಿರುವ ವಿಳಾಸದಿಂದಲೋ, ಬ್ಯಾಂಕಿನ ಪುಸ್ತಕದಲ್ಲಿ ಅಚ್ಚಾದ ದೂರವಾಣಿಯಿಂದಲೋ ವಿಚಾರಿಸುವುದೇ ಕ್ಷೇಮ. ನಾಲ್ಕು ಹೆಜ್ಜೆ ನಡೆದು ಬ್ಯಾಂಕಿಗೇ ಹೋದರಂತೂ ಇನ್ನೂ ಉತ್ತಮ.

ಹೀಗೆ ವೇಷ ಹಾಕಿ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆಮನೆಯೂ ಒಂದು ಲಕ್ಷ ರೂಪಾಯಿವರೆಗೆ ದಂಡವೂ ಉಂಟು. ಆದರೆ ಕಾನೂನಿಗೆ ಕಾಲು ಬರುವುದು ನಾವು ಬಾಯಿಬಿಟ್ಟ ಮೇಲೆ ತಾನೆ?

ಆ 1930 ಎಂಬ ಸಂಖ್ಯೆಯನ್ನು ನೆನಪಿಡುವುದು ನಮ್ಮ ಊರಿನವರಿಗೆ ಕಷ್ಟವಾಗಬಾರದು. 1930ನೆಯ ಇಸವಿಯಲ್ಲಿ ನಮ್ಮ ಗಣಿಯ ಕಾರ್ಮಿಕರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಟ್ಟಳೆಯನ್ನು ವಿರೋಧಿಸಿ ಮುಷ್ಕರ ಹೂಡಿದರು. ಓದು ಬರಹ ಬಾರದ ಎಷ್ಟೋ ಜನ ‘ನಮ್ಮ ಬೆರಳಚ್ಚು ನಿಮಗೇಕೆ?’ ಎಂದು ಒಟ್ಟಾಗಿ ಕೇಳಿದ ನೆಲವಿದು. ಅಂಥ ಊರಿನ ಮೊಮ್ಮಗಳಾದ ನಾನು ಗುಟ್ಟಿನ ಸಂಖ್ಯೆಯನ್ನು ಮುಖ ಕಾಣದವನಿಗೆ ಎರಡು ಸಲ ಒಪ್ಪಿಸಿದೆ, ‘ಯಾಕೆ?’ ಎಂದು ಒಂದು ಸಲವೂ ಕೇಳಲಿಲ್ಲ.

ಬುಧವಾರ ತಾತನ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಅವರು ನನ್ನ ಧ್ವನಿ ಬಂದ ಕಡೆ ಮುಖ ಮಾಡಿ ಕೇಳಿದರು. ಆಮೇಲೆ ನಿಧಾನವಾಗಿ, “ಗಣಿಯೊಳಗೆ ಬಂಡೆ ಸಿಡಿಯೋಕ್ಕೆ ಮುಂಚೆ ಒಂದೊಂದು ಸಲ ಮರ ಕಿರ್ ಅಂತ ಕೂಗ್ತದಮ್ಮ. ಮೊದಲು ಕೇಳಿಸಿಕೊಂಡೋನು ಕೂಗಬೇಕು. ಸುಳ್ಳು ಸದ್ದಾದರೆ ಜನ ನಗ್ತಾರೆ, ನಗಲಿ. ನಾಚ್ಕೊಂಡು ಸುಮ್ಮನಿದ್ದರೆ ಎಲ್ಲರೂ ಸಾಯ್ತಾರೆ. ಹಣ ಹೋದ್ದಕ್ಕೆ ನನಗೆ ಬೇಜಾರಿಲ್ಲ. ನೀನು ಕೂಗಲಿಲ್ಲವಲ್ಲ, ಅದಕ್ಕೆ” ಎಂದರು.

ಅದಕ್ಕೇ ಈ ಲೇಖನ. ತಡವಾಗಿ ಕೂಗುತ್ತಿದ್ದೇನೆ. ಈ ಕಳ್ಳರು ಹುಡುಕುವುದು ನಮ್ಮ ಅಜ್ಞಾನವನ್ನಲ್ಲ, ನಮ್ಮ ಆಸೆಯನ್ನು. ತಾತನಿಗೆ ಬಾಕಿ ಹಣದ ಆಸೆಯಿದ್ದಂತೆ ನಮ್ಮ ನಿಮ್ಮಲ್ಲಿ ಒಬ್ಬರಿಗೆ ವಿದ್ಯಾರ್ಥಿವೇತನದ ಆಸೆ, ಇನ್ನೊಬ್ಬರಿಗೆ ಕಾರ್ಖಾನೆಯ ಕೆಲಸದ ಆಸೆ. ಆಸೆ ತಪ್ಪಲ್ಲ. ಆದರೆ ಬಹಳ ದಿನ ಕಾದ ಕಾಗದವೇ ಬಂದಾಗ ಎರಡು ಸಲ ಓದಬೇಕು. ಹಾಗೂ ಮೋಸಹೋದರೆ, ಅದೇ ಗಳಿಗೆಯಲ್ಲಿ ಕೂಗಬೇಕು.

ಐದು ತಿಂಗಳು ಪಕ್ಕದ ಬೀದಿಯ ಮಕ್ಕಳಿಗೆ ಪಾಠ ಹೇಳಿ ನಾನು ಸ್ವಲ್ಪ ಕೂಡಿಸಿದೆ. ಉಳಿದದ್ದನ್ನು ಅಮ್ಮ ಬಟ್ಟೆ ಹೊಲಿದು ಸೇರಿಸಿದಳು. ತಾತನ ಒಂದು ಕಣ್ಣಿನ ಆಪರೇಷನ್ ಆಯಿತು. ಕಳೆದ ತಿಂಗಳು ಅವರನ್ನು ನಮ್ಮ ಮನೆಗೆ ಕರೆತಂದು, ಹಿಂದಕ್ಕೆ ಕಳುಹಿಸಲು ಬಂಗಾರಪೇಟೆ ನಿಲ್ದಾಣಕ್ಕೆ ಹೋಗಿದ್ದೆ. ರೈಲು ಬಂದು ನಿಂತಿತು. ನಾನು ಕೈಹಿಡಿದು ಹತ್ತಿಸಲು ಹೋದರೆ ಅವರು ಬಿಡಿಸಿಕೊಂಡು ಫಲಕದ ಹತ್ತಿರ ಹೋದರು. ಒಂದೊಂದೇ ಅಕ್ಷರವಾಗಿ ಕೊನೆಯವರೆಗೂ ಓದಿದರು.

“ಮಾರಿಕುಪ್ಪಂ. ಸರಿಯಾಗಿದೆ, ಹತ್ತಮ್ಮ” ಎಂದರು.